ಅರಮನೆಯ ಮರ ಎಲ್ಲಿಂದ ಬಂತು?



ನಮ್ಮದು ಕಲ್ಲಿನ ಸೀಮೆ. ಈ ಮುರುಗಮಲ್ಲದ ಗುಡ್ಡ, ಕೈವಾರದ ಬೆಟ್ಟ, ಅಂಬಾಜಿ ದುರ್ಗ, ರಹಮಾನ್‌ಗಢ, ಆಚೆಗೆ ನಂದಿ, ಎಲ್ಲವೂ ಕಲ್ಲು. ಇಲ್ಲಿ ಅರಸನಾಗಲಿ ಪಾಳೆಯಗಾರನಾಗಲಿ ಕಟ್ಟಲು ಹೊರಟರೆ ಕಲ್ಲು ಕಾಲಬುಡದಲ್ಲೇ ಸಿಗುತ್ತಿತ್ತು. ಮರ ಹಾಗೆ ಸಿಗುತ್ತಿರಲಿಲ್ಲ. ಬೇವು, ಹುಣಸೆ, ಹೊಂಗೆ, ಹಲಸು ಇದ್ದವು. ಊರ ಮನೆಗಳಿಗೆ ಅವೇ ಸಾಕಾಗುತ್ತಿದ್ದವು. ದರ್ಬಾರಿನ ಹಜಾರಕ್ಕೆ ನೇರವಾಗಿ ಎದ್ದು ನಿಲ್ಲುವ ಎತ್ತರದ ಕಂಬ, ಇಡೀ ಅಗಲಕ್ಕೆ ಹಾಯುವ ತೊಲೆ ಬೇಕಾದರೆ ತೇಗ ಬೇಕು, ಬೀಟೆ ಬೇಕು. ಅವು ಇರುವುದು ಮಲೆನಾಡಿನಲ್ಲಿ, ಹೆಗ್ಗಡದೇವನಕೋಟೆ ಕಡೆಯ ಕಾಡಿನಲ್ಲಿ. ರಕ್ತಚಂದನ ಬೇಕೆಂದರೆ ಪೂರ್ವಕ್ಕೆ ತಿರುಗಿ ಕಡಪ, ಚಿತ್ತೂರಿನ ಬೆಟ್ಟಸಾಲಿಗೆ ಹೋಗಬೇಕು. ಹೀಗಾಗಿ ಬಯಲುಸೀಮೆಯಲ್ಲಿ ಒಂದು ತೇಗದ ಕಂಬ ನಿಂತಿದೆ ಎಂದರೆ, ಅದನ್ನು ಕಡಿಸಿ, ಎಳೆಸಿ, ದಾರಿಯುದ್ದಕ್ಕೂ ಯಾರೂ ತಡೆಯದಂತೆ ತರಿಸಿದ ಒಬ್ಬ ದೊರೆಯ ಮಾತು ಎಷ್ಟು ದೂರ ನಡೆಯುತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಅರಮನೆಯ ಮರವನ್ನು ನಾನು ಮೊದಲು ಓದುವುದು ಹೀಗೆ. ಕೆತ್ತನೆಯ ಚೆಂದ ಆಮೇಲೆ.

ಈ ಓದು ನಮ್ಮ ನಾಡಿಗಷ್ಟೇ ಸೇರಿದ್ದಲ್ಲ. ಪಾರಸಿಕ ಚಕ್ರವರ್ತಿ ಮೊದಲನೆಯ ಡೇರಿಯಸ್ ಸುಮಾರು 2,500 ವರ್ಷಗಳ ಹಿಂದೆ ಸೂಸಾ ನಗರದಲ್ಲಿ ಅರಮನೆ ಕಟ್ಟಿಸಿದಾಗ ಒಂದು ಶಾಸನ ಬರೆಸಿದ. ದೇವದಾರು ಲೆಬನಾನಿನ ಬೆಟ್ಟದಿಂದ ಬಂತು, ಇನ್ನೊಂದು ಗಟ್ಟಿ ಮರ ಗಾಂಧಾರದಿಂದ ಬಂತು, ಆನೆದಂತ ಸಿಂಧೂ ದೇಶದಿಂದಲೂ ಬಂತು ಎಂದು ಒಂದೊಂದನ್ನೂ ಹೆಸರಿಸಿದ್ದಾನೆ. ಸಾಮ್ರಾಜ್ಯದ ಎಲ್ಲೆಕಟ್ಟನ್ನು ಅವನು ಮರದ ಪಟ್ಟಿಯಲ್ಲೇ ಬರೆದ.

ನಮ್ಮ ಹತ್ತಿರದ ಉದಾಹರಣೆ ಬೆಂಗಳೂರಿನ ಕೋಟೆಯ ಪಕ್ಕದಲ್ಲಿದೆ. ಹೈದರಾಲಿ ಆರಂಭಿಸಿ 1791ರಲ್ಲಿ ಟಿಪ್ಪು ಮುಗಿಸಿದ ಬೇಸಿಗೆ ಅರಮನೆ ಬಹುಮಟ್ಟಿಗೆ ತೇಗದ ಕಟ್ಟಡ. ಇಲ್ಲಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದು. ಹೋದರೆ ಕಂಬದ ಬುಡವನ್ನು ನೋಡಿ. ಪ್ರತಿ ಕಂಬವೂ ಕಲ್ಲಿನ ಪೀಠದ ಮೇಲೆ ನಿಂತಿದೆ. ಗೆದ್ದಲು ನೆಲದಿಂದ ಏರುತ್ತದೆ, ಮಳೆಯ ಪಸೆಯೂ ನೆಲದಿಂದಲೇ ಏರುತ್ತದೆ. ಮರವನ್ನು ನೆಲ ಮುಟ್ಟಗೊಡದಿರುವುದೇ ಅದರ ಆಯಸ್ಸಿನ ಗುಟ್ಟು. ತೇಗದಲ್ಲಿ ತನ್ನದೇ ಎಣ್ಣೆಯ ಅಂಶವಿದೆ, ಒಣಗುವಾಗ ಹೆಚ್ಚು ಕುಗ್ಗುವುದಿಲ್ಲ, ಸೀಳು ಬಿಡುವುದು ಕಡಿಮೆ, ಗೆದ್ದಲಿಗೂ ಸುಲಭವಾಗಿ ಬಗ್ಗುವುದಿಲ್ಲ. ಕಂಬ, ಅದರ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ: ಚಿಂತಾಮಣಿಯ ಯಾವುದೇ ಹಳೆಯ ತೊಟ್ಟಿಮನೆಯ ಕ್ರಮವೇ ಅಲ್ಲಿಯೂ ಇದೆ. ಅಳತೆ ದೊಡ್ಡದು, ಕಮಾನಿನ ಅಂಚುಗಳು ಬೇರೆ, ಅಷ್ಟೆ. 1831ರಿಂದ 1868ರವರೆಗೆ ಅದೇ ಕಟ್ಟಡದಲ್ಲಿ ಬ್ರಿಟಿಷ್ ಕಮಿಷನರರ ಸಚಿವಾಲಯ ನಡೆಯಿತು. ಆಳುವವರು ಬದಲಾದರೂ ಆಳ್ವಿಕೆ ಅದೇ ಕಂಬಗಳ ನಡುವೆ ಕುಳಿತಿತ್ತು.

ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯ. ಇಷ್ಟು ಕಷ್ಟಪಟ್ಟು ತಂದ ತೇಗವನ್ನು ಅರಸರು ಬರಿಮೈಯಲ್ಲಿ ಬಿಡಲಿಲ್ಲ. 1784ರಲ್ಲಿ ಟಿಪ್ಪು ಶ್ರೀರಂಗಪಟ್ಟಣದ ಹೊರಗೆ ಕಟ್ಟಿಸಿದ ಬೇಸಿಗೆ ಅರಮನೆ ದರಿಯಾ ದೌಲತ್‌ನಲ್ಲಿ ಕಂಬ, ಕಮಾನು, ಸೂರು ಎಲ್ಲಕ್ಕೂ ಬಣ್ಣ, ಬಳ್ಳಿ, ಹೂವು. ಇಂದು ನಾವು ಪಾಲಿಶ್ ಹಾಕಿ ಮರದ ಎಳೆಯನ್ನು ಮೆರೆಸುತ್ತೇವೆ. ಅಂದಿನ ಅರಸರು ಎಳೆಯನ್ನು ಮುಚ್ಚಿದರು. ಮರದ ಬೆಲೆ ಕಣ್ಣಿಗೆ ಕಾಣಬೇಕೆಂಬ ಆಸೆ ಹೊಸ ಕಾಲದ್ದು. ಆ ಅಗಲದ ಹಜಾರ ನಿಂತಿರುವುದೇ ಮರದ ಬೆಲೆಯನ್ನು ಹೇಳುತ್ತಿತ್ತು.

ವಿಜಯನಗರದ ವಿಷಯಕ್ಕೆ ಬಂದರೆ ಮರದ ಅರಮನೆಗಳ ನಷ್ಟದ ಪ್ರಮಾಣ ತಿಳಿಯುತ್ತದೆ. ಹಂಪಿಯಲ್ಲಿ ಮಹಾನವಮಿ ದಿಬ್ಬದ ಸಮೀಪದ ಸಭಾಮಂಟಪದ ಜಗತಿಯ ಮೇಲೆ ಹತ್ತು ಸಾಲು, ಸಾಲಿಗೆ ಹತ್ತರಂತೆ ಕಂಬಗಳ ನೆಲೆಗಳಿವೆ. ಕಂಬ ಒಂದೂ ಇಲ್ಲ. ಅವು ಮರದವು, 1565ರಲ್ಲಿ ವಿಜಯನಗರ ಸೋತ ಬಳಿಕ ಸುಟ್ಟುಹೋದವು, ಕೊಳೆತವು. ಗುಡಿಗಳು ಕಲ್ಲಿನವಾದ್ದರಿಂದ ನಿಂತವು, ಅರಸರ ವಾಸದ ಮನೆಗಳು ಮರ, ಇಟ್ಟಿಗೆ, ಗಾರೆಯವಾದ್ದರಿಂದ ಜಗತಿಯಷ್ಟೇ ಉಳಿಯಿತು. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಅರಮನೆಯಲ್ಲಿ ಅಡಿಯಿಂದ ಮುಡಿಯವರೆಗೆ ಆನೆದಂತದ ಕೋಣೆಯೊಂದನ್ನು ಕಂಡ, ಅಡ್ಡತೊಲೆಗಳ ಮೇಲೆ ದಂತದ ಗುಲಾಬಿ, ತಾವರೆಗಳಿದ್ದವೆಂದು ಬರೆದ. ಅವನ ಬರಹ ಉಳಿದದ್ದರಿಂದ ನಮಗೆ ಗೊತ್ತಾಯಿತು. ಕಲ್ಲನ್ನು ಮಾತ್ರ ನೋಡಿ ಕನ್ನಡನಾಡಿನ ಅರಸರೆಲ್ಲ ಗುಡಿಗಳನ್ನಷ್ಟೇ ಕಟ್ಟಿದರು, ತಮಗಾಗಿ ಏನೂ ಕಟ್ಟಿಕೊಳ್ಳಲಿಲ್ಲ ಎಂದು ಹೇಳುವುದನ್ನು ನಾವು ನಿಲ್ಲಿಸಬೇಕು. ಅವರು ಕಟ್ಟಿಕೊಂಡರು, ಬೆಂಕಿ ತೆಗೆದುಕೊಂಡಿತು.

ಮರದ ನೆನಪು ಕಲ್ಲಿನಲ್ಲೇ ಉಳಿದಿರುವುದೂ ಉಂಟು. ಹಂಪಿಯ ವಿಠ್ಠಲ ದೇವಾಲಯದಲ್ಲಿ ಕಲ್ಲಿನ ಬಾಗುಸೂರಿನ ಕೆಳಗೆ ನಿಂತು ತಲೆ ಎತ್ತಿದರೆ, ಮರದ ಜಂತೆ, ರೀಪುಗಳನ್ನು ಎಣಿಸುವಷ್ಟು ಸ್ಪಷ್ಟವಾಗಿ ಕಲ್ಲಿನಲ್ಲಿ ಕೊರೆದಿದ್ದಾರೆ. ಆ ಕಲ್ಲಿಗೆ ಜಂತೆಯ ಆಸರೆ ಬೇಕಿಲ್ಲ. ಬಡಗಿಯ ಕೆಲಸ ನೋಡಿ ಬೆಳೆದ ಕಲ್ಲುಕುಟಿಗ, ಸೂರು ಎಂದರೆ ಹೀಗೇ ಇರಬೇಕು ಎಂದು ನಂಬಿದ್ದ.

ಬೆಂಕಿ ಮತ್ತೊಮ್ಮೆ ಬಂದದ್ದು 1897ರಲ್ಲಿ, ಮೈಸೂರಿನಲ್ಲಿ. ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆ ಹಳೆಯ ಮರದ ಅರಮನೆ ಉರಿದುಹೋಯಿತು. ಹೆನ್ರಿ ಇರ್ವಿನ್ ರೂಪಿಸಿ 1912ರಲ್ಲಿ ಮುಗಿದ ಈಗಿನ ಅರಮನೆಯಲ್ಲಿ ಭಾರ ಹೊರುವ ಕೆಲಸದ ಬಹುಪಾಲು ಕಲ್ಲಿಗೂ ಕಬ್ಬಿಣಕ್ಕೂ ಹೋಯಿತು. ಅದರ ಅಂಬಾವಿಲಾಸ ಸಭಾಂಗಣದ ಬಾಗಿಲಲ್ಲಿ ಬೀಟೆಯ ಕಪ್ಪಿನ ಮೇಲೆ ದಂತದ ಬಿಳುಪು ಕೂರಿಸಿದ್ದಾರೆ. ಅದು ನಮ್ಮ ಬಡಗಿಗಳ ಕೈಚಳಕದ ತುದಿ. ಆದರೂ ಅಲ್ಲಿ ಮರ ಆಭರಣವಾಗಿ ನಿಂತಿದೆ, ಮೂಳೆಯಾಗಿ ಅಲ್ಲ.

ಸೋತ ಅರಸನ ಮರ ಗೆದ್ದವರ ಪಾಲಾಗುತ್ತದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಅವನ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಅದನ್ನು ಹೊತ್ತಿದ್ದ ಮರದ ಹುಲಿಗೆ ಹೊದಿಸಿದ್ದ ಚಿನ್ನಕ್ಕೆ ಬೆಲೆ ಕಟ್ಟಿದರು. ಉದಕಮಂಡಲದಲ್ಲಿ 1830ರಲ್ಲಿ ಪ್ರತಿಷ್ಠೆಯಾದ ಸೇಂಟ್ ಸ್ಟೀಫನ್ ಚರ್ಚಿನ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ಹೋದವು. ಕಾಡಿನಿಂದ ಬಯಲಿಗೆ ಬಂದ ತೇಗ ಮತ್ತೆ ಬೆಟ್ಟ ಹತ್ತಿತು. ಇಂದಿಗೂ ಅಲ್ಲಿ ಭಾರ ಹೊತ್ತು ನಿಂತಿದೆ.

ಇನ್ನು ಶ್ರೀಗಂಧ. ಈ ಊರಿನಲ್ಲಿ ಗಂಧದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಮ್ಮಾಜಾನ್ ಬಾವಾಜಾನ್ ದರ್ಗಾದ ಉರುಸಿನಲ್ಲಿ ಗಂಧ ಹೊತ್ತು ನಡೆಯುವಾಗ ಯಾವ ಜಾತಿ, ಯಾವ ಮತ ಎಂದು ಕೇಳುವವರಿಲ್ಲ. ಗುಡಿಯಲ್ಲಿ ತೇಯುವುದೂ ಅದೇ ಗಂಧ. ಅರಸರಿಗೆ ಇದು ಕಂಬದ ಮರವಾಗಿರಲಿಲ್ಲ. ಗಂಧದ ಮರ ಅಷ್ಟು ದಪ್ಪ ಬೆಳೆಯುವುದು ಅಪರೂಪ. ಪೆಟ್ಟಿಗೆ, ಪೀಠ, ಬೀಸಣಿಗೆ, ಕೆತ್ತನೆಯ ಫಲಕಗಳಿಗೆ ಅದು ಸಲ್ಲುತ್ತಿತ್ತು. ಬೇರಿನ ಮೂಲಕ ನೆರೆಯ ಗಿಡಗಳಿಂದ ಆಹಾರ ಪಡೆದು ಬೆಳೆಯುವ ಈ ಮರಕ್ಕೆ ಕೊಬ್ಬಿದ ನೆಲ ಬೇಕಿಲ್ಲ. ಒಣ, ಕಲ್ಲುಮಿಶ್ರ ನೆಲದಲ್ಲೇ ಚೇಗು ಚೆನ್ನಾಗಿ ಕಟ್ಟುತ್ತದೆ. ನಮ್ಮಂಥ ಸೀಮೆಯ ಮರವೇ ಅದು.

ಟಿಪ್ಪು 1792ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದ. ತೇಗದ ವಿಷಯದಲ್ಲಿ ಅರಸನ ಆಜ್ಞೆ ದೂರದ ಕಾಡಿಗೆ ಹೋಗಿ ಮರವನ್ನು ಅರಮನೆಗೆ ತರುತ್ತಿತ್ತು. ಗಂಧದ ವಿಷಯದಲ್ಲಿ ಆಜ್ಞೆಯೇ ರೈತನ ಬದುವಿಗೆ ಬಂದು ನಿಂತಿತು. ಹಕ್ಕಿ ಹಾಕಿದ ಬೀಜದಿಂದ ತಾನಾಗಿ ಹುಟ್ಟಿದ ಗಿಡವೂ ದೊರೆಯದು. ಅರಸೊತ್ತಿಗೆ ಹೋದರೂ ಆ ಕಾನೂನಿನ ನೆರಳು ಹೋಗಲಿಲ್ಲ; ನೆಲದ ಒಡೆಯನೇ ಗಂಧದ ಮರಕ್ಕೂ ಒಡೆಯ ಎಂಬ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದು 2001ರಲ್ಲಿ. ಎರಡು ಶತಮಾನಗಳಷ್ಟು ಕಾಲ ಹೊಲದಲ್ಲಿ ಗಂಧದ ಸಸಿ ಕಂಡ ರೈತ ಅದನ್ನು ಭಾಗ್ಯವೆಂದು ತಿಳಿಯಲಿಲ್ಲ, ಪೀಡೆ ಎಂದು ತಿಳಿದ. ಗೌರವದ ಹೆಸರಿನಲ್ಲಿ ಒಂದು ಮರವನ್ನು ಜನರಿಂದ ದೂರ ಮಾಡಿದ್ದು ಅನ್ಯಾಯ ಎಂದೇ ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಎಲ್ಲಕ್ಕಿಂತ ಎತ್ತರದ ಸ್ಥಾನ, ಅರಸ ಕೂರುವ ಆಸನ, ಯಾವ ಮರದ್ದು? ವರಾಹಮಿಹಿರನ ಬೃಹತ್ಸಂಹಿತೆ ಮಂಚ ಮತ್ತು ಆಸನಗಳಿಗೆ ಒಳ್ಳೆಯ ಮರಗಳನ್ನು ಹೇಳುವಾಗ ತೇಗ, ಚಂದನ, ದೇವದಾರುಗಳನ್ನು ಸೇರಿಸುತ್ತದೆ. ಅದಕ್ಕೂ ಬಹಳ ಹಿಂದಿನ ಐತರೇಯ ಬ್ರಾಹ್ಮಣ ರಾಜಾಭಿಷೇಕದ ಆಸಂದಿ ಪೀಠಕ್ಕೆ ಇವುಗಳನ್ನು ಬಿಟ್ಟು ಔದುಂಬರವನ್ನು, ಅಂದರೆ ಅತ್ತಿಯನ್ನು, ವಿಧಿಸುತ್ತದೆ. ಅತ್ತಿ ಅನ್ನ, ಅತ್ತಿ ಸತ್ತ್ವ ಎಂಬುದು ಅದು ಕೊಡುವ ಕಾರಣ. ಮೈಸೂರಿನ ಸಿಂಹಾಸನವೂ ಮೂಲದಲ್ಲಿ ದಂತದ ಫಲಕ ಹೊದಿಸಿದ ಅತ್ತಿ ಮರದ್ದೆಂದು ಅರಮನೆಯ ಪರಂಪರೆ ಹೇಳುತ್ತದೆ. ಚಿನ್ನದ ಹೊದಿಕೆ ನಂತರದ್ದು. ಬಡಗಿಯನ್ನು ಕೇಳಿ, ಅತ್ತಿಗೆ ಅವನು ಬೆಲೆ ಹೇಳುವುದಿಲ್ಲ. ಮೃದು, ಬೇಗ ಹುಳ ಹಿಡಿಯುತ್ತದೆ, ತೊಲೆಗಾಗದು. ಆದರೆ ಕಾಂಡದ ತುಂಬ ಕಾಯಿ ಬಿಟ್ಟು ಹಕ್ಕಿಗೂ ದನಕ್ಕೂ ಮನುಷ್ಯನಿಗೂ ಉಣಿಸುತ್ತದೆ. ನೀರಿನ ಪಸೆ ಇರುವಲ್ಲೆಲ್ಲ, ಬಾವಿಯ ದಂಡೆಯಲ್ಲಿ, ಕೆರೆಯ ಕೆಳಗೆ ಬೆಳೆಯುತ್ತದೆ. ದೂರದಿಂದ ತರಿಸಿದ ಬೀಟೆ ಬಾಗಿಲಿಗೆ, ತೇಗ ಕಂಬಕ್ಕೆ. ಪಟ್ಟಕ್ಕೇರುವವನ ಕೆಳಗೆ ಮಾತ್ರ ಊಟ ಕೊಡುವ ಊರಮರ. ಆಜ್ಞೆಯ ಮರಗಳ ನಡುವೆ ಹೊಣೆಯ ಮರವೊಂದನ್ನು ಇಟ್ಟವರು ಅದನ್ನು ಅರಿತೇ ಇಟ್ಟಿದ್ದರು ಎಂದು ನಾನು ನಂಬಿದ್ದೇನೆ.

ಕೊನೆಯದಾಗಿ ಇಲ್ಲಿ ಕುಳಿತಿರುವ ಕಾಲೇಜಿನ ಮಕ್ಕಳಲ್ಲಿ ಒಂದು ಕೋರಿಕೆ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಹಳ್ಳಿಗಳಲ್ಲಿ ಶಾನುಭೋಗರ, ಪಟೇಲರ ಹಳೆಯ ತೊಟ್ಟಿಮನೆಗಳು ಇಳಿಯುತ್ತಿವೆ. ಬಾಗಿಲವಾಡಗಳು, ಕೆತ್ತನೆಯ ಬೋದಿಗೆಗಳು ಲಾರಿ ಹತ್ತಿ ಬೆಂಗಳೂರಿನ ಅಂಗಡಿ ಸೇರುತ್ತಿವೆ. ಮಾರುವವರನ್ನು ನಾನು ದೂರುವುದಿಲ್ಲ, ಅವರವರ ಕಷ್ಟ ಅವರಿಗೆ. ಮನೆ ಕೆಡವುವ ಮುನ್ನ ಒಂದು ದಿನ ಟೇಪು, ಪುಸ್ತಕ ಹಿಡಿದು ಹೋಗಿ. ಕಂಬದ ಎತ್ತರ, ತೊಲೆಯ ಅಗಲ ಬರೆದುಕೊಳ್ಳಿ. ಯಾವ ಮರ, ಎಲ್ಲಿಂದ ಬಂತು, ಯಾವ ಊರಿನ ಆಚಾರಿಗಳು ಕೆತ್ತಿದರು ಎಂದು ಮನೆಯ ಅಜ್ಜಿಯನ್ನು ಕೇಳಿ, ಅವರು ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲೇ ಬರೆದುಕೊಳ್ಳಿ. ಬುಡದ ಕಲ್ಲಿನ ಫೋಟೋ ಮರೆಯಬೇಡಿ.