ಶಿಕ್ಷೆ ಮುಗಿದವನ ಕಾಯಕ



ಕೆಲವು ತಿಂಗಳ ಹಿಂದೆ ಚಿಕ್ಕಯ್ಯನಛತ್ರದ ಕಡೆಯ ಒಬ್ಬ ತಾಯಿ ಮಗನೊಡನೆ ಮಠಕ್ಕೆ ಬಂದಳು. ಮಗ ಕಳವಿನ ಅಪರಾಧಕ್ಕೆ ಎರಡು ವರ್ಷ ಸೆರೆವಾಸ ಅನುಭವಿಸಿದವನು. ಮರಗೆಲಸ ಬಲ್ಲ. ನ್ಯಾಯಾಲಯದ ಪ್ರಕರಣಗಳನ್ನು ಇ-ಕೋರ್ಟ್ಸ್ ತಾಣದಲ್ಲಿ ಹೆಸರಿನಿಂದಲೇ ಹುಡುಕಬಹುದಷ್ಟೆ. ಕೆಲಸ ಕೇಳಿದಲ್ಲೆಲ್ಲ ಮಾಲೀಕರು ಮೊಬೈಲು ತೆಗೆದು ನೋಡುತ್ತಾರೆ, ಇಲ್ಲವೆನ್ನುತ್ತಾರೆ. “ಬುದ್ಧೀ, ಶಿಕ್ಷೆ ಮುಗೀತು ಅಂತ ಕಳಿಸವ್ರೆ, ಮುಗಿದಿರೋದು ಎಲ್ಲಿ?” ಎಂದಳು ಆ ತಾಯಿ.

ಯಾಜ್ಞವಲ್ಕ್ಯ ಸ್ಮೃತಿಯ ಪ್ರಾಯಶ್ಚಿತ್ತಾಧ್ಯಾಯದಲ್ಲಿ ಸೂಕ್ಷ್ಮವಾದ ಮಾತೊಂದಿದೆ. ಕಲ್ಯಾಣದ ಚಾಲುಕ್ಯರ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರರು ಮಿತಾಕ್ಷರವೆಂಬ ವ್ಯಾಖ್ಯಾನ ಬರೆದದ್ದು ಈ ಸ್ಮೃತಿಗೇ. ತಿಳಿದೂ ತಿಳಿದೂ ಪಾಪ ಮಾಡಿದವನು ಪ್ರಾಯಶ್ಚಿತ್ತ ಮಾಡಿಕೊಂಡರೆ ಈ ಲೋಕದಲ್ಲಿ ‘ವ್ಯವಹಾರ್ಯ’ನಾಗುತ್ತಾನೆ ಎನ್ನುತ್ತದೆ. ಪಾಪ ಅಳಿಯಿತೆಂದು ಹೇಳಲಿಲ್ಲ, ನೋಡಿ. ಅವನೊಡನೆ ಕೊಡುಕೊಳ್ಳುವ ವ್ಯವಹಾರ ಮಾಡಬಹುದು ಎಂದಿತು. ಕನ್ನದ ಮಾರಿತಂದೆಗಳ ಹೆಸರಿನಲ್ಲಿ ಆ ಕನ್ನ ಎಂಟು ನೂರು ವರ್ಷವಾದರೂ ಹಾಗೆಯೇ ಉಳಿದಿದೆ. ಅದನ್ನು ಅಳಿಸದೆಯೇ ಅವರನ್ನು ಶರಣರೆನ್ನುತ್ತೇವೆ, ಅವರ ವಚನ ಓದುತ್ತೇವೆ.

ಹಾಗೆಂದು ಮುಚ್ಚಿಡಬೇಕಿಲ್ಲ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕೆಲಸಕ್ಕೆ ಸೇರುವವನು ತನ್ನ ಮೇಲಿನ ಪ್ರಕರಣವನ್ನು ಸತ್ಯವಾಗಿ ತಿಳಿಸಬೇಕೆಂದಿತು. ತಿಳಿಸಿದ ಮೇಲೂ ಹಿನ್ನೆಲೆ ನೋಡಿ ತೀರ್ಮಾನಿಸುವ ಹಕ್ಕು ಕೆಲಸ ಕೊಡುವವನಿಗುಂಟು. ಅಲ್ಲಿಂದಾಚೆಗೆ ಮಾಲೀಕನ ಮನಸ್ಸು.

ಆ ಹುಡುಗನ ಇನ್ನೊಂದು ತೊಡಕು ನಮಗೆ ತಡವಾಗಿ ತಿಳಿಯಿತು. ಸೆರೆಯಲ್ಲಿದ್ದಾಗ ಸಿಮ್ಮು ರದ್ದಾಗಿ, ನಂಬರು ಬೇರೆಯವರ ಪಾಲಾಗಿತ್ತು. ಆಧಾರಿಗೆ ಸೇರಿದ್ದು ಅದೇ ನಂಬರು. ಓಟಿಪಿ ಬಾರದೆ ಇ-ಶ್ರಮ್ ತಾಣದಲ್ಲಿ ತಾನಾಗಿ ಹೆಸರು ನೋಂದಾಯಿಸಲಾರ. ಮೊಬೈಲು ಅವನ ಕಳವನ್ನು ಎಲ್ಲರಿಗೂ ತೋರಿಸುತ್ತದೆ, ಕೈಗೆಲಸವನ್ನು ತೋರಿಸದು! ನಮ್ಮ ಶಾಲೆಯ ಮೇಷ್ಟರು ನಂಜನಗೂಡಿಗೆ ಕರೆದೊಯ್ದು, ಬೆರಳಚ್ಚು ಕೊಡಿಸಿ ಹೊಸ ನಂಬರು ಸೇರಿಸಿದರು. ಅವನು ಮಾಡಿದ ಬಾಗಿಲು, ಕಿಟಕಿಗಳ ಚಿತ್ರ ತೆಗೆದು ಮೊಬೈಲಿನಲ್ಲಿಟ್ಟುಕೊಟ್ಟರು. ಈಗ ಅವನು ಬಿಡುಗಡೆಯ ಪತ್ರವನ್ನು ಮೊದಲು ತೋರಿಸಿ, ಆಮೇಲೆ ಚಿತ್ರ ತೋರಿಸುತ್ತಾನೆ.

ನಮ್ಮದೊಂದು ತಪ್ಪನ್ನೂ ಹೇಳಬೇಕು. ದಾಸೋಹದ ಉಗ್ರಾಣದ ಬಾಗಿಲು ಸರಿಪಡಿಸಲು ಅವನನ್ನು ಕರೆಸಿದ ದಿನ, ಅಕ್ಕಿ ಮೂಟೆಗಳನ್ನು ಎಣಿಸಿಡಿರೆಂದು ನಾವೇ ಹೇಳಿದೆವು. ಶಾಸ್ತ್ರ ಓದಿದ ಬಾಯಿಯೇ ಹಾಗೆಂದಿತು. ಸಂಜೆ ಎಣಿಸಿದಾಗ ಲೆಕ್ಕ ಸರಿಯಾಗಿತ್ತು. ಆದರೆ ಬೆಳಿಗ್ಗೆ ಎಣಿಸುತ್ತಿದ್ದುದನ್ನು ಅವನು ಕಂಡಿದ್ದ. ಏನೂ ಅನ್ನದೆ ಉಳಿ ಕೈಗೆತ್ತಿಕೊಂಡ.

ಕಾರ್ಖಾನೆ, ರೈಸ್‌ಮಿಲ್ಲು ನಡೆಸುವವರು, ಮನೆ ಕಟ್ಟಿಸುವವರು ಈ ಸಭೆಯಲ್ಲಿದ್ದೀರಿ. ಅವನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಪ್ರಸಾದಕ್ಕೆ ಹೋಗುವಾಗ ಉಗ್ರಾಣದ ಬಾಗಿಲನ್ನು ಒಮ್ಮೆ ತೆಗೆದು ಹಾಕಿ ನೋಡಿರಿ. ಕೆಲಸ ಕೊಡುವವರಿಗೆ ಮೇಷ್ಟರು ನಂಬರು ಕೊಡುತ್ತಾರೆ.