ಭಂಗಾರದೊಳಗಿನ ಬಂಗಾರ



ಮೈಸೂರು, ಶಿವಮೊಗ್ಗ ಕಡೆಯಿಂದ ಪುಣೆಗೆ ಬಂದವರಿಗೆ ಕೊಂಢವಾದ ಗಲ್ಲಿಗಳಲ್ಲಿ ಕೇಳುವ 'ಭಂಗಾರ್' ಎಂಬ ಕೂಗು ಮೊದಮೊದಲು ತಮಾಷೆ ಅನಿಸುತ್ತದೆ. ತಳ್ಳುಗಾಡಿಯಲ್ಲಿ ಬಂಗಾರವೇ ಎಂದು! ಮರಾಠಿಯಲ್ಲಿ ಭಂಗಾರ ಎಂದರೆ ಗುಜರಿ. ಆದರೆ ಗಾಡಿಯಲ್ಲಿ ಹಳೆಯ ಮೊಬೈಲು, ಕಂಪ್ಯೂಟರುಗಳಿದ್ದರೆ ಎರಡು ಭಾಷೆಯ ಅರ್ಥವೂ ನಿಜವೇ. ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಕೊನೆಗಾಲದಲ್ಲಿ ಅಲ್ಲಿ ಒಂದು ಟನ್ ಅದಿರಿನಿಂದ ಸಿಗುತ್ತಿದ್ದುದು ಕೆಲವೇ ಗ್ರಾಂ ಚಿನ್ನ. ಒಂದು ಟನ್ ಹಳೆಯ ಕಂಪ್ಯೂಟರ್ ಬೋರ್ಡುಗಳಲ್ಲಿ ನೂರು ಗ್ರಾಂಗೂ ಹೆಚ್ಚು ಇರಬಹುದು.

ಈ ಚಿನ್ನವನ್ನು ತೆಗೆಯುವ ರೀತಿಯಲ್ಲೇ ಅಪಾಯವಿದೆ. ನಗರಗಳ ಅಂಚಿನ ಸಣ್ಣ ಶೆಡ್ಡುಗಳಲ್ಲಿ ಬೋರ್ಡನ್ನು ಒಲೆಯ ಮೇಲೆ ಕಾಯಿಸಿ ಬೆಸುಗೆ ಕರಗಿಸುತ್ತಾರೆ. ಹಳೆಯ ಬೆಸುಗೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸೀಸ. ಆಮೇಲೆ ಬೋರ್ಡನ್ನು ಆಸಿಡ್‌ನಲ್ಲಿ ಅದ್ದುತ್ತಾರೆ. ಅದರ ಹಬೆ ನೇರ ಶ್ವಾಸಕೋಶಕ್ಕೆ. ತಾಮ್ರಕ್ಕಾಗಿ ವೈರುಗಳನ್ನು ಸುಟ್ಟರೆ ಪ್ಲಾಸ್ಟಿಕ್ ಹೊದಿಕೆಯಿಂದ ಡಯಾಕ್ಸಿನ್ ಎಂಬ ಘೋರ ವಿಷ ಹೊರಡುತ್ತದೆ. ಕೈಗವಸಿಲ್ಲ, ಮುಖಕ್ಕೆ ಹೆಚ್ಚೆಂದರೆ ಒಂದು ಕರವಸ್ತ್ರ.

ಇದು ಬರೀ ಊಹೆಯ ಮಾತಲ್ಲ. ನಮ್ಮ ಬೆಂಗಳೂರಿನ ಇಂಥ ಜಾಗಗಳ ಮಣ್ಣು, ಗಾಳಿ ಮತ್ತು ಕೆಲಸಗಾರರ ತಲೆಗೂದಲನ್ನು ಪರೀಕ್ಷಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಕೂದಲಲ್ಲಿ ತಾಮ್ರ, ಕ್ಯಾಡ್ಮಿಯಂ, ಆಂಟಿಮನಿ, ಸೀಸ ಎಲ್ಲವೂ ಹೆಚ್ಚಾಗಿದ್ದವು. ಯೋಚಿಸಿ, ಗುಜರಿ ಮನುಷ್ಯನ ಮೈಯೊಳಗೇ ಸೇರಿಕೊಂಡಿತ್ತು.

ಇನ್ನೂ ಸಂಕಟದ ವಿಷಯ ಮಕ್ಕಳದ್ದು. ಅಪ್ಪನ ಅಂಗಿಗೆ ಅಂಟಿದ ಸೀಸದ ಧೂಳು ಸಂಜೆ ಮನೆಗೆ ಬರುತ್ತದೆ. ಮಗು ಓಡಿಬಂದು ಅಪ್ಪನ ತೊಡೆಯೇರುತ್ತದೆ, ಆಮೇಲೆ ಬೆರಳು ಚೀಪುತ್ತದೆ. ಒಂದೇ ಪ್ರಮಾಣದ ಸೀಸ ನುಂಗಿದರೂ ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಇಷ್ಟಿದ್ದರೆ ತೊಂದರೆಯಿಲ್ಲ ಎನ್ನುವ ಸುರಕ್ಷಿತ ಮಟ್ಟವೇ ಸೀಸಕ್ಕೆ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬುದ್ಧಿ ಚುರುಕಾಗಬೇಕಾದ ವಯಸ್ಸಿನಲ್ಲೇ ಮೆದುಳಿಗೆ ಪೆಟ್ಟು. ಜ್ವರದಂತೆ ಕಾಣಿಸಿಕೊಳ್ಳುವುದಿಲ್ಲವಾದ್ದರಿಂದ 'ಓದಿನಲ್ಲಿ ಮಂದ' ಎಂದು ಮಗುವನ್ನೇ ಬೈದು ಸುಮ್ಮನಾಗುತ್ತಾರೆ.

ಹಾಗಾದರೆ ಭಂಗಾರದವನನ್ನು ದೂರಬೇಕೆ? ನನಗೆ ಹಾಗನಿಸುವುದಿಲ್ಲ. ಮೂಲೆಯಲ್ಲಿ ಬಿದ್ದದ್ದನ್ನು ಮನೆಬಾಗಿಲಿಗೇ ಬಂದು ಒಯ್ಯುವವನು ಅವನೊಬ್ಬನೇ. ಹಳೆಯ ಟಿವಿಗೆ ಇನ್ನೂ ಐವತ್ತು ರೂಪಾಯಿ ಕೊಡು ಎಂದು ಜಗ್ಗಾಡುವವರು ನಾವು. ಆ ಐವತ್ತು ರೂಪಾಯಿ ಎಲ್ಲಿಂದ ಹುಟ್ಟಬೇಕು? ನೋಂದಾಯಿತ ಘಟಕದಲ್ಲಿ ಹೊಗೆ ಸೋಸಬೇಕು, ಆಸಿಡ್ ನೀರನ್ನು ಶುದ್ಧಗೊಳಿಸಬೇಕು, ಕೆಲಸಗಾರರಿಗೆ ರಕ್ಷಣೆ ಕೊಡಬೇಕು. ಅಷ್ಟೆಲ್ಲ ಖರ್ಚಿರುವಾಗ ಬೆಲೆ ಕಡಿಮೆಯಾಗದೆ ಇದ್ದೀತೆ? ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ 2005ರಲ್ಲಿ ಶುರುವಾದ ಇ-ಪರಿಸರ ಘಟಕ ಇಂಥ ಕೆಲಸಕ್ಕೆ ದೇಶದಲ್ಲೇ ಮೊದಲ ಹೆಜ್ಜೆಗಳಲ್ಲಿ ಒಂದು.

ನಮ್ಮ ಪುಣೆಯಲ್ಲಿ ಕಸ ಆಯುವವರೇ ಕಟ್ಟಿಕೊಂಡ 'ಸ್ವಚ್' ಸಹಕಾರಿ ಸಂಸ್ಥೆಯಿದೆ. ಮಹಾನಗರಪಾಲಿಕೆಯ ಜೊತೆ ಕೆಲಸ ಮಾಡುವ ಈ ಸಂಸ್ಥೆ ಇ-ಕಸ ಸಂಗ್ರಹದ ಶಿಬಿರಗಳನ್ನೂ ನಡೆಸಿದೆ. ಕಸಕ್ಕೆ ಬರುವ ತಾಯಿಯನ್ನೇ ಕೇಳಿ, ತಿಳಿಸುತ್ತಾರೆ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಮರುಬಳಕೆದಾರರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲೇಬೇಕು. ನಿಮ್ಮ ಸೊಸೈಟಿಯವರು ಒಟ್ಟಾಗಿ ಕರೆದರೆ ಅಂಥವರಿಗೂ ಗಾಡಿ ಕಳಿಸುವುದು ಗಿಟ್ಟುತ್ತದೆ.

ಅಲ್ಲಿಯವರೆಗೆ ಹಳೆಯ ಡಬ್ಬಾ ಟಿವಿಯ ಗಾಜು ಒಡೆಯಬೇಡಿ, ಅದರಲ್ಲೂ ಸೀಸವಿದೆ. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚಬೇಡಿ, ಹಸಿಕಸದ ಬಕೆಟ್ಟಿಗೂ ಹಾಕಬೇಡಿ. ಬೆಂಕಿ ಹೊತ್ತಿದರೆ ಮೊದಲು ಸುಡುವುದು ಅದನ್ನು ಎತ್ತುವ ಕೈ.