ಆಟದ ಗಡಿಯಾರ ಯಾರ ಕೈಯಲ್ಲಿ?



ನಾನು ಓದಿದ್ದು ಭೌತಶಾಸ್ತ್ರ, ಸೇರಿದ್ದು ಟೆಲಿವಿಷನ್ ಕೆಲಸಕ್ಕೆ. ಎರಡೂ ಕಡೆ ಗಡಿಯಾರವಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಕಾಲೇಜಿನಲ್ಲಿ ಲೋಲಕದ ಆಂದೋಲನ ಎಣಿಸಲು ಹಿಡಿದ ಸ್ಟಾಪ್ ವಾಚನ್ನು, ಮುಂದೆ ಕಾರ್ಯಕ್ರಮದ ನಿಮಿಷಗಳನ್ನು ಎಣಿಸಲು ಹಿಡಿದುಕೊಂಡೆ, ಅಷ್ಟೆ. ಆದ್ದರಿಂದ ಇಂದು ನಿಮ್ಮೊಡನೆ ಆಟದ ಸಮಯದ ಬಗ್ಗೆ ಮಾತನಾಡಬೇಕೆಂದಿದ್ದೇನೆ. ನಿಯಮ ಬದಲಾಗಿ ಆಟದ ಅವಧಿ ಕಡಿಮೆಯಾದಾಗ ನೋಡುಗರು ಕೆಲವೊಮ್ಮೆ ಚಪ್ಪಾಳೆ ತಟ್ಟುತ್ತಾರೆ, ಕೆಲವೊಮ್ಮೆ ಮುನಿಸಿಕೊಳ್ಳುತ್ತಾರೆ. ಏಕೆ? ಉತ್ತರ ಹುಡುಕುವ ಮೊದಲು, ನಾನೇ ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಯಳಂದೂರಿನ ಹತ್ತಿರದ ಒಂದು ಊರಿನಲ್ಲಿ ಬಾಲಕಿಯರ ಖೋ ಖೋ ಪಂದ್ಯಗಳು ನಡೆಯುತ್ತಿದ್ದವು. ಗ್ರಾಮೀಣ ಕ್ರೀಡೆಗಳ ಬಗ್ಗೆ ಅರ್ಧ ಗಂಟೆಯ ಕಾರ್ಯಕ್ರಮವೊಂದಕ್ಕೆ ಚಿತ್ರೀಕರಣ ಮಾಡಲು ನಾವು ಹೋಗಿದ್ದೆವು. ಅಂತಿಮ ಪಂದ್ಯ ಶುರುವಾಗುವ ಹೊತ್ತಿಗೆ ಸಂಜೆಯಾಗಿತ್ತು. ಮೈದಾನದಲ್ಲಿ ನೆರಳು ಹಬ್ಬಿ, ಬಿಸಿಲು ಪೂರ್ವದ ಬಿಳಿಗಿರಿರಂಗನ ಬೆಟ್ಟದ ನೆತ್ತಿಗೆ ಏರಿಬಿಟ್ಟಿತ್ತು. ಕ್ಯಾಮೆರಾದವರು ನನ್ನ ಮುಖ ನೋಡಿದರು. ನಾನು ಸಂಘಟಕರ ಬಳಿ ಹೋಗಿ, "ಎರಡು ಇನಿಂಗ್ಸ್ ಬೇಡ, ಒಂದೇ ಸಾಕು. ಪಾಳಿಗೆ ಒಂಬತ್ತು ನಿಮಿಷದ ಬದಲು ಐದು ನಿಮಿಷ ಮಾಡಿಕೊಳ್ಳಿ" ಎಂದೆ. ಟೀವಿಯವರು ಕೇಳುತ್ತಿದ್ದಾರೆಂದು ಅವರು ಮರುಮಾತಿಲ್ಲದೆ ಒಪ್ಪಿದರು.

ಖೋ ಖೋ ನಿಮಗೆ ಗೊತ್ತಿರುವ ಆಟವೇ. ಒಂದು ತಂಡದ ಎಂಟು ಮಂದಿ ಸಾಲಾಗಿ ಕುಳಿತು, ಒಂಬತ್ತನೆಯವರು ಬೆನ್ನಟ್ಟುತ್ತಾರೆ. ಇನ್ನೊಂದು ತಂಡದವರು ಮೂರು ಮೂರು ಜನರಂತೆ ಒಳಗೆ ಬಂದು ಓಡುತ್ತಾರೆ. ಮೊದಲ ಮೂವರೂ ಔಟಾದರೆ ಎರಡನೆಯ ಬ್ಯಾಚು, ಅವರೂ ಔಟಾದರೆ ಮೂರನೆಯದು. ಅಂದು ಒಂದು ತಂಡದ ಮೊದಲ ಎರಡು ಬ್ಯಾಚುಗಳೇ ಐದು ನಿಮಿಷವನ್ನು ಓಡಿ ಮುಗಿಸಿಬಿಟ್ಟವು. ಮೂರನೆಯ ಬ್ಯಾಚಿನ ಮೂವರು ಹುಡುಗಿಯರು ಗೆರೆಯಾಚೆ ಜಡೆ ಬಿಗಿದುಕೊಂಡು, ಲಂಗ ಬಿಟ್ಟು ಚಡ್ಡಿ ತೊಟ್ಟು, ಎದ್ದು ನಿಂತೇ ಇದ್ದರು. ಸೀಟಿ ಊದಿತು. ಬೆನ್ನಟ್ಟುವಾಗ ಅವರೂ ಸಾಲಿನಲ್ಲಿ ಕುಳಿತಿದ್ದರು ನಿಜ. ಆದರೆ ಓಡುವ ಸರದಿ ಅವರಿಗೆ ಬರಲೇ ಇಲ್ಲ.

ಕೂಲಿ ಮುಗಿಸಿ ನೇರವಾಗಿ ಮೈದಾನಕ್ಕೆ ಬಂದಿದ್ದ ಒಬ್ಬ ತಾಯಿ ನನ್ನ ಹತ್ತಿರ ಬಂದು ಕೇಳಿದರು: "ನನ್ ಮಗ್ಳು ಯಾವಾಗ ಓಡ್ತಾಳೆ ಸಾ?" ನನ್ನಲ್ಲಿ ಉತ್ತರವಿರಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು, ಹಿಂದೆ ತಾವೂ ಆಡಿದ್ದವರು, ಸಿಟ್ಟನ್ನು ನುಂಗಿಕೊಂಡು ಹೇಳಿದರು: "ಆಟ ಇರಾದೇ ಎಂಟ್ನೇ ನಿಮಿಷ್ದಲ್ಲಿ ಕನಪ್ಪ. ನೀವು ಐದಕ್ಕೇ ನಿಲ್ಲಿಸ್ಬುಟ್ರಿ."

ನನಗೆ ಇನ್ನೂ ನಾಚಿಕೆಯಾದದ್ದು ಆಮೇಲೆ. ಹೀಗೆ ಉಳಿಸಿದ ಹೊತ್ತಿನಲ್ಲಿ ನಾವು ಚಿತ್ರೀಕರಿಸಿದ್ದು ಏನನ್ನು? ಅತಿಥಿಗಳ ಹಾರ ತುರಾಯಿಗಳನ್ನು, ಭಾಷಣಗಳನ್ನು. ಅದಕ್ಕೆ ದೀಪಗಳನ್ನೂ ಹಾಕಿಸಿದ್ದರು.

ಆ ಸಂಜೆಯಿಂದ ನಾನು ಒಂದು ಪಾಠ ಕಲಿತೆ. ಪಂದ್ಯದಲ್ಲಿ ಎರಡು ಬಗೆಯ ನಿಮಿಷಗಳಿರುತ್ತವೆ. ಒಂದು, ಆಟ ನಡೆಯುವ ನಿಮಿಷ. ಇನ್ನೊಂದು, ಆಟ ನಿಂತಿರುವ ನಿಮಿಷ. ಗೋಡೆಯ ಗಡಿಯಾರಕ್ಕೆ ಎರಡೂ ಒಂದೇ, ನೋಡುಗನಿಗೆ ಒಂದೇ ಅಲ್ಲ. "ಪಂದ್ಯವನ್ನು ಚಿಕ್ಕದು ಮಾಡಿದ್ದೇವೆ" ಎಂದು ಯಾರಾದರೂ ಹೇಳಿದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ, ಕತ್ತರಿಸಿದ್ದು ಯಾವ ನಿಮಿಷವನ್ನು ಎಂಬುದು.

ಇದನ್ನು ಪರೀಕ್ಷಿಸಲು ಸ್ವಲ್ಪ ದೂರದ ಅಮೆರಿಕಕ್ಕೆ ಹೋಗೋಣ. ಅಲ್ಲಿ 2023ನೇ ಒಂದೇ ವರ್ಷದಲ್ಲಿ ಎರಡು ಆಟಗಳ ಅವಧಿಯನ್ನು ತಗ್ಗಿಸುವ ನಿಯಮಗಳು ಬಂದವು. ಒಂದು ಬೇಸ್‌ಬಾಲ್. ಅದರಲ್ಲಿ ಚೆಂಡೆಸೆಯುವವನು ಟೊಪ್ಪಿಗೆ ಸರಿಪಡಿಸಿಕೊಂಡು, ಅತ್ತಿತ್ತ ನೋಡಿ, ಮನಸ್ಸು ಬಂದಾಗ ಎಸೆಯುತ್ತಿದ್ದ. ಹೊಸ ನಿಯಮ ಅವನ ಎದುರಿಗೊಂದು ಗಡಿಯಾರವನ್ನಿಟ್ಟಿತು. ಓಟಗಾರರು ಯಾರೂ ಇಲ್ಲದಿದ್ದರೆ 15 ಸೆಕೆಂಡು, ಇದ್ದರೆ 20 ಸೆಕೆಂಡು. ಆ ವರ್ಷ ಅಷ್ಟರೊಳಗೆ ಎಸೆಯಲೇಬೇಕಿತ್ತು. ಹಿಂದಿನ ವರ್ಷ ಸರಾಸರಿ 3 ಗಂಟೆ 4 ನಿಮಿಷ ಹಿಡಿಯುತ್ತಿದ್ದ ಪಂದ್ಯ ಸುಮಾರು 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಇನಿಂಗ್ಸುಗಳು ಮೊದಲಿನಂತೆ ಒಂಬತ್ತೇ ಉಳಿದವು. ಸಂಪ್ರದಾಯಸ್ಥ ಅಭಿಮಾನಿಗಳು ಮೊದಲು ಗೊಣಗಿದರು, ಬಳಿಕ ಬಹುಪಾಲು ಜನ ಮೆಚ್ಚಿದರು. ಆ ವರ್ಷ ಕ್ರೀಡಾಂಗಣಕ್ಕೆ ಬಂದವರ ಸಂಖ್ಯೆ 7 ಕೋಟಿ ದಾಟಿತು. ನಿಯಮವೊಂದೇ ಇದಕ್ಕೆ ಕಾರಣವೆಂದು ವಿಜ್ಞಾನ ಓದಿದವರು ಹೇಳಬಾರದು. ಆದರೆ ನೋಡುಗರು ಓಡಿಹೋಗಲಿಲ್ಲವೆಂದಂತೂ ಹೇಳಬಹುದು.

ಇನ್ನೊಂದು, ಅಲ್ಲಿನ ಕಾಲೇಜು ಫುಟ್‌ಬಾಲ್. ಇದು ನಾವು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಹತ್ತು ಹತ್ತು ಗಜ ಮುನ್ನುಗ್ಗುವ ಆಟ. ಹಿಂದೆ ತಂಡವೊಂದು ಹತ್ತು ಗಜ ಗಳಿಸಿದ ಕೂಡಲೇ ಗಡಿಯಾರವನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತಿದ್ದರು. 2023ರ ನಿಯಮದಂತೆ, ಎರಡೂ ಅರ್ಧಗಳ ಕೊನೆಯ ಎರಡು ನಿಮಿಷಗಳನ್ನು ಬಿಟ್ಟರೆ, ಅದು ಓಡುತ್ತಲೇ ಇರಬೇಕು. ಗಡಿಯಾರ ನಿಲ್ಲದಿದ್ದರೆ ಆಟದ ಅವಕಾಶಗಳೂ ಕಡಿಮೆಯಾಗುತ್ತವೆ. ಅಭಿಮಾನಿಗಳಿಗೆ ಸಿಟ್ಟು ಬಂದದ್ದು ಇಲ್ಲೇ. "ನಮ್ಮ ಹುಡುಗರ ಆಟವನ್ನು ಕತ್ತರಿಸಿದಿರಿ, ಜಾಹೀರಾತನ್ನು ಮಾತ್ರ ಹಾಗೇ ಇಟ್ಟಿರಿ" ಎಂಬುದು ಅವರ ದೂರು. ದೂರಿನಲ್ಲಿ ಹುರುಳಿಲ್ಲದೆ ಇಲ್ಲ. 2010ರಲ್ಲಿ ಅಲ್ಲಿನ ಪತ್ರಿಕೆಯೊಂದು ವೃತ್ತಿಪರರ ಫುಟ್‌ಬಾಲ್ ಪಂದ್ಯಗಳನ್ನು ಅಳೆದು ನೋಡಿದಾಗ, ಮೂರು ಗಂಟೆಯ ಪ್ರಸಾರದಲ್ಲಿ ಚೆಂಡು ಆಟದಲ್ಲಿದ್ದದ್ದು ಬರೀ 11 ನಿಮಿಷದಷ್ಟು ಮಾತ್ರ!

ಎರಡೂ ನಿಯಮಗಳ ಉದ್ದೇಶ ಒಂದೇ, ಪಂದ್ಯ ಬೇಗ ಮುಗಿಯಬೇಕು. ಆದರೆ ಒಂದು ನಿಂತ ನಿಮಿಷವನ್ನು ಕತ್ತರಿಸಿತು, ಇನ್ನೊಂದು ಆಟದ ನಿಮಿಷಕ್ಕೂ ಕೈ ಹಾಕಿತು. ನೋಡುಗರ ಪ್ರತಿಕ್ರಿಯೆ ಬೇರೆ ಬೇರೆಯಾದುದು ಸಹಜವಲ್ಲವೆ?

ಈಗ ನಮ್ಮ ಊರಿನ ಅಂಗಳಕ್ಕೆ ಮರಳೋಣ. ಯಳಂದೂರು, ಕೊಳ್ಳೇಗಾಲ, ಹನೂರುಗಳಲ್ಲಿ ಸಂಜೆ ಬಲೆ ಕಟ್ಟಿ ಆಡುವ ವಾಲಿಬಾಲನ್ನೇ ತೆಗೆದುಕೊಳ್ಳಿ. ನಿಮ್ಮ ತಂದೆಯವರ ಕಾಲದಲ್ಲಿ ಸರ್ವಿಸ್ ಮಾಡಿದ ತಂಡಕ್ಕೆ ಮಾತ್ರ ಅಂಕ ಸಿಗುತ್ತಿತ್ತು, ಸೆಟ್ಟು 15ಕ್ಕೆ ಮುಗಿಯುತ್ತಿತ್ತು. ಸರ್ವಿಸ್ ಕೈಯಿಂದ ಕೈಗೆ ಬದಲಾಗುತ್ತಿದ್ದರೂ ಅಂಕ ಮಾತ್ರ ಅಲ್ಲೇ ನಿಂತಿರುತ್ತಿತ್ತು. ಪಂದ್ಯ ಮುಕ್ಕಾಲು ಗಂಟೆಯೋ ಎರಡು ಗಂಟೆಯೋ, ಹೇಳಬಲ್ಲವರಿಲ್ಲ. 1998ರಲ್ಲಿ ಅಂತರರಾಷ್ಟ್ರೀಯ ವಾಲಿಬಾಲ್ ಸಂಸ್ಥೆ ಪ್ರತಿ ಚೆಂಡಿಗೂ ಒಂದು ಅಂಕ, ಸೆಟ್ಟಿಗೆ 25 ಎಂಬ ಪದ್ಧತಿಯನ್ನು ಒಪ್ಪಿತು. ಬ್ಯಾಡ್ಮಿಂಟನ್ನಿನಲ್ಲೂ 2006ರಲ್ಲಿ ಇಂಥದೇ ಬದಲಾವಣೆಯಾಗಿ, ಪ್ರತಿ ಚೆಂಡಿಗೂ ಅಂಕ ಬಂದು ಆಟ 21ಕ್ಕೆ ನಿಂತಿತು. ನಮ್ಮ ಪ್ರಕಾಶ್ ಪಡುಕೋಣೆಯವರು 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದಾಗಿನ 15–3, 15–10 ಎಂಬ ಅಂಕಗಳು ಹಳೆಯ ಪದ್ಧತಿಯವು.

ಹಳೆಯ ಆಟಗಾರರು ಇದನ್ನು ಒಪ್ಪಿದರೆ? ಬಹಳ ಮಂದಿ ಒಪ್ಪಲಿಲ್ಲ. "ಸೋಲುತ್ತಿರುವವನು ಚೇತರಿಸಿಕೊಳ್ಳಲು ಹೊತ್ತೇ ಇಲ್ಲವಲ್ಲ" ಎಂದರು. ಅವರ ಮಾತು ಸುಳ್ಳಲ್ಲ. ಹಳೆಯ ಪದ್ಧತಿಯಲ್ಲಿ 14–5ರಲ್ಲಿ ಹಿಂದಿದ್ದ ತಂಡವೂ ಎದುರಾಳಿಯ ಸರ್ವಿಸನ್ನು ಮತ್ತೆ ಮತ್ತೆ ಕಿತ್ತುಕೊಂಡು ಬದುಕಿ ಉಳಿಯಬಹುದಿತ್ತು. ಹೊಸತರಲ್ಲಿ ಒಂದು ತಪ್ಪಿಗೆ ಒಂದು ಅಂಕ ಕೊಟ್ಟೇ ತೀರಬೇಕು. ಆದರೆ ಲಾಭವೂ ಇದೆ: ಯಾವ ಚೆಂಡೂ ಈಗ ವ್ಯರ್ಥವಲ್ಲ, ಮತ್ತು ಕೊನೆಯ ಬಸ್ಸು ಹಿಡಿಯಬೇಕಾದ ತಂಡಕ್ಕೆ ಪಂದ್ಯ ಎಷ್ಟು ಹೊತ್ತಿಗೆ ಮುಗಿದೀತೆಂಬ ಅಂದಾಜು ಸಿಗುತ್ತದೆ.

ಕಬಡ್ಡಿಯಲ್ಲಿ ಬದಲಾದದ್ದು ಇನ್ನೂ ಸೂಕ್ಷ್ಮ. ಹಿಂದೆ ದಾಳಿ ಮಾಡುವವನ ಗಡಿಯಾರ ಅವನ ಎದೆಯೊಳಗೇ ಇತ್ತು. ಉಸಿರು ಇರುವ ತನಕ "ಕಬಡ್ಡಿ, ಕಬಡ್ಡಿ" ಎನ್ನುತ್ತ ಆಡಬಹುದಿತ್ತು. ಅದನ್ನೇ ನಮ್ಮ ಜನ ದಮ್ಮು ಎಂದರು. 2014ರ ಜುಲೈನಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗಿನಲ್ಲಿ ದಾಳಿಗೆ 30 ಸೆಕೆಂಡುಗಳ ಮಿತಿ. ಎರಡು ದಾಳಿಗಳು ಬರಿದಾದರೆ ಮೂರನೆಯದರಲ್ಲಿ ಅಂಕ ತರಬೇಕು, ಇಲ್ಲವೇ ಔಟ್. ಇದರಿಂದ ಸಮಯ ತಳ್ಳುವ ಆಟಕ್ಕೆ ಕಡಿವಾಣ ಬಿತ್ತು. ಹೊಸ ನೋಡುಗರು ಲಕ್ಷಗಟ್ಟಲೆ ಬಂದರು. ದಮ್ಮಿನ ಕಾಲವನ್ನು ಕಂಡ ಹಿರಿಯರು ಮಾತ್ರ, "ಈಗ ಉಸಿರು ಆಡಲ್ಲ, ಗಡಿಯಾರ ಆಡ್ತದೆ" ಎಂದು ನಗುತ್ತಾರೆ. ಅವರನ್ನು ಹಳಬರೆಂದು ತಳ್ಳಿಹಾಕಬೇಡಿ. ನಿಯಮ ಬದಲಾದಾಗ ಯಾವ ಕೌಶಲಕ್ಕೆ ಬೆಲೆ ಇಳಿಯಿತೆಂಬುದು ಮೊದಲು ಕಾಣುವುದು ಅವರ ಕಣ್ಣಿಗೇ.

ಹಾಗಾದರೆ ಚಿಕ್ಕದಾದ ಆಟವೆಲ್ಲ ಕೆಟ್ಟಿತೆಂದು ತಿಳಿಯಬೇಕೆ? ಇಲ್ಲ. ಕ್ರಿಕೆಟ್ಟನ್ನು ನೋಡಿ. 1983ರಲ್ಲಿ ಭಾರತ ವಿಶ್ವಕಪ್ ಗೆದ್ದಾಗ ಇನಿಂಗ್ಸಿಗೆ 60 ಓವರು, 1987ರ ವಿಶ್ವಕಪ್ಪಿನಲ್ಲಿ 50, 2007ರಲ್ಲಿ ಮೊದಲ ಟಿ20 ವಿಶ್ವಕಪ್ ಬಂದಾಗ 20. ಆದರೆ ಐದು ದಿನಗಳ ಟೆಸ್ಟನ್ನು ಅಳಿಸಿ ಅದರ ಜಾಗದಲ್ಲಿ ಇವನ್ನು ತಂದು ಕೂರಿಸಲಿಲ್ಲ, ಪಕ್ಕದಲ್ಲಿ ಕೂರಿಸಿದರು. ನಿಧಾನದ ಆಟ ಬಲ್ಲವನಿಗೂ ಒಂದು ಜಾಗ ಉಳಿಯಿತು.

ಇನ್ನು ನಾನು ತಪ್ಪು ಮಾಡಿದ ಖೋ ಖೋ ಆಟಕ್ಕೇ ಬರುತ್ತೇನೆ. 2022ರಲ್ಲಿ ಪುಣೆಯಲ್ಲಿ ನಡೆದ ಅಲ್ಟಿಮೇಟ್ ಖೋ ಖೋ ಲೀಗಿನಲ್ಲಿ ಒಂಬತ್ತು ನಿಮಿಷದ ಪಾಳಿಯನ್ನು ಏಳಕ್ಕೆ ಇಳಿಸಿದರು. ಎರಡೂ ದಿಕ್ಕಿಗೆ ಓಡಬಲ್ಲ 'ವಜೀರ್' ಎಂಬ ಬೆನ್ನಟ್ಟುವವನನ್ನು ಸೇರಿಸಿದರು. ಮಣ್ಣಿನ ಅಂಗಳ ಹೋಗಿ ಮ್ಯಾಟ್ ಬಂತು. ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಹಿರಿಯರ ಎಂಟನೆಯ ನಿಮಿಷ. ಅದು ಹೋಗಿಯೇ ಬಿಟ್ಟಿತಲ್ಲ ಎಂದುಕೊಂಡೆ.

ಆದರೆ ಹೊಸ ನಿಯಮದಲ್ಲಿ ಇನ್ನೊಂದು ಅಂಶವೂ ಇತ್ತು. ಹಳೆಯ ಆಟದಲ್ಲಿ ಎಷ್ಟು ಹೊತ್ತು ತಪ್ಪಿಸಿಕೊಂಡರೂ ಓಡುವವರಿಗೆ ಅಂಕವಿಲ್ಲ. ಎದುರಾಳಿಗೆ ಅಂಕ ಸಿಗದಂತೆ ತಡೆದದ್ದೇ ಅವರ ಸಂಪಾದನೆ. ಹೊಸತರಲ್ಲಿ ಒಂದು ಬ್ಯಾಚು ನಿಗದಿತ ಹೊತ್ತಿಗಿಂತ ಹೆಚ್ಚು ಉಳಿದುಕೊಂಡರೆ ಅವರಿಗೂ ಅಂಕ. ಇದಕ್ಕೆ 'ಡ್ರೀಮ್ ರನ್' ಎಂದು ಹೆಸರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಮಹಿಳೆಯರ ಅಂತಿಮ ಪಂದ್ಯದಲ್ಲಿ ಭಾರತ ನೇಪಾಳವನ್ನು 78–40ರಿಂದ ಸೋಲಿಸಿತು. ಆ ಪಂದ್ಯದಲ್ಲಿ ಐದು ನಿಮಿಷ ದಾಟಿ ಉಳಿದು ಡ್ರೀಮ್ ರನ್ ಅಂಕಗಳನ್ನು ತಂದ ಓಟಗಾರ್ತಿ ಯಾರು ಬಲ್ಲಿರಾ? ನಮ್ಮ ನೆರೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ. ಏಳು ನಿಮಿಷದ ಪಾಳಿಯಲ್ಲಿ ಐದು ನಿಮಿಷಕ್ಕೂ ಮಿಕ್ಕಿ ಒಂದೇ ಬ್ಯಾಚು!

ಅಂದು ನನ್ನ ಅಭಿಪ್ರಾಯವನ್ನು ಸ್ವಲ್ಪ ತಿದ್ದಿಕೊಂಡೆ. ಪಾಳಿ ಚಿಕ್ಕದಾದರೂ ತಾಳ್ಮೆಯಿಂದ ಓಡುವವಳಿಗೆ ಆ ನಿಯಮ ಬೆಲೆ ಕೊಟ್ಟಿತ್ತು. ನಾನು ಮೈದಾನದಲ್ಲಿ ಮಾಡಿದ ಕಡಿತಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಆಡುವವರನ್ನು ಬಲ್ಲವರು ಯೋಚಿಸಿ ನಿಯಮ ಮಾಡಿದರೆ, ಕಳೆದುಕೊಂಡದ್ದಕ್ಕೆ ಬದಲಾಗಿ ಏನನ್ನಾದರೂ ಕೊಡುತ್ತಾರೆ. ಪ್ರಸಾರದ ಅನುಕೂಲಕ್ಕಾಗಿ ಆತುರದಲ್ಲಿ ಕತ್ತರಿಸಿದ ನನ್ನಂಥವನು ಏನನ್ನೂ ಕೊಡಲಿಲ್ಲ.

ಮಿತ್ರರೆ, ಕೊನೆಯಲ್ಲಿ ನಿಮಗೊಂದು ಪ್ರಯೋಗ. ಮುಂದಿನ ಸಲ ಪಂದ್ಯ ನೋಡುವಾಗ ಒಂದು ಗಡಿಯಾರ ಮತ್ತು ಒಂದು ಹಾಳೆ ಇಟ್ಟುಕೊಳ್ಳಿ. ಹಾಳೆಯಲ್ಲಿ ಎರಡು ಕಾಲಮ್ಮು ಗೀಚಿ: ಆಟ ನಡೆದ ಹೊತ್ತು, ಆಟ ನಿಂತ ಹೊತ್ತು. ಸೆಕೆಂಡುಗಳನ್ನು ಬರೆಯುತ್ತ ಹೋಗಿ, ಕೊನೆಗೆ ಕೂಡಿ ನೋಡಿ. ಟೀವಿಯಲ್ಲಿ ಒಂದು ಪಂದ್ಯ, ನಿಮ್ಮ ಕಾಲೇಜು ಮೈದಾನದಲ್ಲಿ ಒಂದು ಪಂದ್ಯ, ಎರಡನ್ನೂ ಅಳೆಯಿರಿ. ನಿಯಮ ಬದಲಾಯಿತೆಂಬ ಸುದ್ದಿ ಬಂದಾಗ ಬರೀ ಸಿಟ್ಟಿನಿಂದಲೋ ಬರೀ ಉತ್ಸಾಹದಿಂದಲೋ ಮಾತನಾಡದೆ, ಈ ಅಂಕಿಗಳನ್ನಿಟ್ಟುಕೊಂಡು ಮಾತನಾಡಬಹುದು.

ಇಷ್ಟರಲ್ಲೇ ನಿಮ್ಮ ಕಾಲೇಜಿನ ಕ್ರೀಡಾದಿನವೂ ಬಂದೀತು. ಹೊತ್ತು ಮುಳುಗುತ್ತಿರುತ್ತದೆ, ಅತಿಥಿಗಳು ಬಂದು ಕುಳಿತಿರುತ್ತಾರೆ, ಯಾರೋ ಬಂದು "ಬೇಗ ಮುಗಿಸಿ" ಎನ್ನುತ್ತಾರೆ. ಆಗ ಗಡಿಯಾರ ನಿಮ್ಮಲ್ಲೊಬ್ಬರ ಕೈಯಲ್ಲಿರುತ್ತದೆ. ಕತ್ತರಿಸಲೇಬೇಕಾದರೆ ಭಾಷಣವನ್ನು ಕತ್ತರಿಸಿ. ಗೆರೆಯಾಚೆ ಜಡೆ ಬಿಗಿದುಕೊಂಡು ನಿಂತಿರುವ ಮೂರನೆಯ ಬ್ಯಾಚು ಓಡಲಿ.